ಬಾಗಿಲ ಪಕ್ಕದ ಎರಡು ಮೊಳೆ

ಈಗಲೂ ಬೆಳಿಗ್ಗೆ ನನ್ನ ಗಾಡಿ ನಿಲ್ಲುವುದು ಉರಿಗಾಂನ ಆ ಮನೆಯ ಮುಂದೆಯೇ. ಅವನಿಲ್ಲ. ಆದರೂ ಗಾಡಿ ಅಲ್ಲಿಗೇ ಹೋಗುತ್ತದೆ. ನಾನು ತಿರುಗಿಸಿದೆನೋ, ಅದೇ ತಿರುಗಿತೋ ಗೊತ್ತಾಗುವುದಿಲ್ಲ.

ನಾನು ಕ್ಯಾಸಂಬಳ್ಳಿ ಕಡೆಯವನು, ಗಾರೆ ಕೆಲಸದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕರಣೆ ಹಿಡಿದೆ. ಅದಕ್ಕೆ ನನಗೆ ನಾಚಿಕೆಯಿಲ್ಲ. ಬಂಗಾರಪೇಟೆಯಲ್ಲಿ ನಾನು ಎಬ್ಬಿಸಿದ ಗೋಡೆಗಳ ಪಕ್ಕ ನಡೆದುಹೋಗುವಾಗ ಎದೆ ಇವತ್ತಿಗೂ ಸ್ವಲ್ಪ ಮುಂದಕ್ಕೇ ಬರುತ್ತದೆ. ನಾನು ಗೋಡೆ ಮುಗಿಸಿದ ಮನೆಗಳಿಗೆ ಅವನು ಬಂದು ಟೈಲ್ಸ್ ಹಾಕುತ್ತಿದ್ದ. ಹಾಗೆ ಶುರುವಾದ ಗುರುತು. ಊರಿಂದ ಉರಿಗಾಂವರೆಗೆ ನಾನು ಗಾಡಿಯಲ್ಲಿ ಬಂದು, ಅವನ ಮನೆ ಮುಂದೆ ನಿಲ್ಲಿಸಿ, ಇಬ್ಬರೂ ಬೆಳಗಿನ ರೈಲು ಹಿಡಿದು ಬಂಗಾರಪೇಟೆಗೆ ಹೋಗುವುದು. ಸಂಜೆ ಅದೇ ದಾರಿಯಲ್ಲಿ ವಾಪಸ್. ಅವನು ಕ್ರಿಶ್ಚಿಯನ್, ಮನೆ ಮಾತು ತಮಿಳು. ನಾನು ಮಾರಮ್ಮನ ಒಕ್ಕಲು. ನಮ್ಮಿಬ್ಬರಿಗೂ ಅದು ಯಾವತ್ತೂ ಅಡ್ಡ ಬರಲಿಲ್ಲ, ಊಟದ ಹೊತ್ತೊಂದು ಬಿಟ್ಟರೆ. ಡಬ್ಬಿ ತೆರೆದ ಮೇಲೆ ಅವನು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುತ್ತಿದ್ದ. ಅಷ್ಟು ಹೊತ್ತೂ ನಾನು ಮುದ್ದೆ ಮುರಿಯದೆ ಕೂತಿರಬೇಕು.

"ಬೇಗ ಮುಗ್ಸ್ಲಾ, ಮುದ್ದೆ ಕಲ್ಲಾಯ್ತದೆ" ಅನ್ನುತ್ತಿದ್ದೆ.

"ನಿಮ್ಮ ಮುದ್ದೆಗೂ ಸೇರಿಸಿ ಹೇಳ್ದೆ ಅಣ್ಣಾ, ಅದಕ್ಕೇ ಲೇಟು" ಅನ್ನುತ್ತಿದ್ದ.

ಅವನ ಹೆಸರು ಇಲ್ಲಿ ಹಾಕುವುದಿಲ್ಲ. ಬರೆಯುತ್ತೇನೆ ಅಂದಾಗ ಅವನ ಹೆಂಡತಿ ಹೇಳಿದ್ದು ಅದೊಂದೇ ಮಾತು. "ಬರೀರಿ ಅಣ್ಣಾ. ಹೆಸರು ಮಾತ್ರ ಬೇಡ. ಹೊಗಳಿದ್ರೆ ಅವರಿಗೆ ಕೋಪ ಬರ್ತಿತ್ತು."

ಅವನದು ಗಣಿ ಕಾಲದ ಲೈನ್ ಮನೆ, ಒಂದಕ್ಕೊಂದು ಬೆನ್ನು ಅಂಟಿಸಿಕೊಂಡು ನಿಂತ ಸಾಲಿನಲ್ಲಿ ಒಂದು. ಬಾಗಿಲು ದಾಟಿದರೆ ಪಕ್ಕದ ಗೋಡೆಯಲ್ಲೇ ಎರಡು ಮೊಳೆ. ಎರಡರಲ್ಲೂ ಒಂದೊಂದು ಹಿತ್ತಾಳೆ ಬಿಲ್ಲೆ. ಒಂದು ಅವನ ಅಪ್ಪನದು, ಇನ್ನೊಂದು ಅವನ ತಾತನದು. ಇಬ್ಬರೂ ಚಿನ್ನದ ಗಣಿಯಲ್ಲಿ ಇಳಿದವರು. ಇಳಿಯುವ ಮುಂಚೆ ಗಣಿಯ ಬಾಗಿಲಿನ ಹಲಗೆಯಿಂದ ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ವಾಪಸ್ ಕೊಡಬೇಕು. ಪಾಳಿ ಮುಗಿದಾಗ ಹಲಗೆಯಲ್ಲಿ ಯಾವ ಮೊಳೆ ಬರಿದಾಗಿರುತ್ತದೋ ಆ ಮನುಷ್ಯ ಇನ್ನೂ ನೆಲದೊಳಗಿದ್ದಾನೆ ಎಂದು ಅರ್ಥ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು. ಅವನ ಅಪ್ಪನಿಗೆ ವಯಸ್ಸಾಗಿ ನೆನಪು ಕದಡಿದ ಮೇಲೆ ಗಣಿ ಮತ್ತೆ ತೆರೆಯಿತು, ಆ ಮನೆಯೊಳಗೆ ಮಾತ್ರ.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಮುದುಕರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ತಾತನ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಮಗನ ಕೈಗೆ ಕೊಡುವರು. ಮಗ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಅಪ್ಪನ ಮುಂದೆ ಮಂಡಿಯೂರಿ ತಲೆ ಬಾಗಿಸುವನು. ಅಪ್ಪ ತಲೆಯ ಮೇಲೆ ಕೈಯಿಟ್ಟು ತುಟಿಯಲ್ಲೇ ಏನೋ ಪ್ರಾರ್ಥಿಸುವರು. ಹಬ್ಬಕ್ಕೆ, ಹುಟ್ಟಿದ ದಿನಕ್ಕೆ ಹಾಗೆ ಮಾಡುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ದಿನಾ ಹಾಗೆ ಮಾಡುವವನು ಅಂತ ನಾನು ನೋಡಿದ್ದು ಇವನೊಬ್ಬನನ್ನೇ. ಆಮೇಲೆ ಮುದುಕರು ಕೇಳುವರು, "ಯಾವ ಲೆವೆಲ್?" ಗಣಿಯ ಎಷ್ಟನೇ ಆಳಕ್ಕೆ ಇಳಿಯುತ್ತೀಯ ಅಂತ.

"ಗಣಿಗಲ್ಲ ಅಪ್ಪಾ. ಟೈಲ್ಸ್ ಕೆಲಸಕ್ಕೆ. ನೆಲದ ಮೇಲೇ."

"ಸರಿ ಸರಿ. ಸೀಕ್ಕಿರಂ ವಾ." ಬೇಗ ಬಾ ಅಂತ.

ಸಂಜೆ ವಾಪಸ್ ಬಂದು ಅಪ್ಪನ ಅಂಗೈಯಲ್ಲಿ ಬಿಲ್ಲೆ ಇಡುವುದು. ಅವರು ಎದ್ದು ನಿಂತು, ಗೋಡೆ ತಡವಿ ಅದನ್ನು ಮೊಳೆಗೆ ಹಾಕುವರು. ಠಣ್ ಎಂದು ಸಣ್ಣ ಸದ್ದು. ಆಮೇಲೆಯೇ ಅವರು ಊಟಕ್ಕೆ ಕೈ ತೊಳೆಯುತ್ತಿದ್ದದ್ದು. ನಾನು ಹೊರಗೆ ಗಾಡಿಯ ಕಿಕ್ಕರ್ ಒದೆಯುತ್ತಿರುವಾಗ ಆ ಸದ್ದು ಕೇಳುತ್ತಿತ್ತು.

ಇಷ್ಟು ಓದಿದವರಿಗೆ ಆ ಮುದುಕರು ದೇವರಂಥ ಮನುಷ್ಯ ಅನ್ನಿಸಬಹುದು. ಅಲ್ಲ. ಕುಡಿಯುತ್ತಿದ್ದರು, ಹೊಡೆಯುತ್ತಿದ್ದರು. ಅವನ ಎಡ ಹುಬ್ಬಿನ ಮೇಲೆ ಒಂದು ಗಾಯದ ಗುರುತಿತ್ತು, ಅಲ್ಲಿ ಕೂದಲು ಬೆಳೆಯುತ್ತಿರಲಿಲ್ಲ. ಅಪ್ಪ ಬೆಲ್ಟಿನ ಬಕಲ್ಲಿನಲ್ಲಿ ಹೊಡೆದದ್ದು. ಅವನ ತಾಯಿ ಹೋದದ್ದೂ ಅದೇ ಮನೆಯಲ್ಲಿ, ಸುಖ ಕಾಣದೆ. ಇದನ್ನೆಲ್ಲ ಅವನೇ ಹೇಳಿದ್ದು, ಟೈಲ್ಸ್ ಸಂದಿಗೆ ತುಂಬುವ ಗ್ರೌಟ್ ಕಲಸುತ್ತಾ, ಬೇರೆ ಯಾರ ಮನೆಯ ಸುದ್ದಿಯೋ ಅನ್ನುವ ಹಾಗೆ.

ಕೇಳಿ ನನಗೆ ಮೈ ಉರಿಯಿತು. "ಅಲ್ಲ ಕಣ್ಲಾ, ಇಂಥೋನ ಮುಂದೆ ದಿನಾ ಮಂಡಿ ಊರ್ತೀಯಲ್ಲ, ನಿಂಗೆ ರೋಸ ಬ್ಯಾಡ್ವಾ?"

ಅವನು ಕಲಸುವುದನ್ನು ನಿಲ್ಲಿಸಲಿಲ್ಲ. "ಬರ್ತಿತ್ತು ಅಣ್ಣಾ, ಮೊದಮೊದಲು. ಆದ್ರೆ ಅಪ್ಪ ಅಮ್ಮನಿಗೆ ಗೌರವ ಕೊಡು ಅಂತ ದೇವರ ಆಜ್ಞೆ ಇದೆಯಲ್ಲ, ಅದರಲ್ಲಿ ಒಳ್ಳೆ ಅಪ್ಪ ಅಂತ ಇಲ್ಲ. ಅಪ್ಪ ಅಂತ ಇದೆ. ನಾನು ಎಷ್ಟೋ ಸಲ ಹುಡುಕಿ ನೋಡ್ದೆ."

ಹುಡುಕಿ ನೋಡಿದೆ ಅಂದವನೇ ನಕ್ಕ. ನಾನೂ ನಕ್ಕೆ. ಅವನೇ ಮತ್ತೆ ಹೇಳಿದ, "ಗೌರವ ಅಂದ್ರೆ ಅವರು ಮಾಡಿದ್ದು ಸರಿ ಅನ್ನೋದಲ್ಲ ಅಣ್ಣಾ. ನನಗೆ ಹೊಡೆದದ್ದು ತಪ್ಪು ಅಂತ ಅಪ್ಪನಿಗೇ ಹೇಳಿದ್ದೀನಿ, ನೆನಪು ಚೆನ್ನಾಗಿದ್ದಾಗ. ಹೇಳಿ ಆಮೇಲೆ ಅನ್ನ ಬಡಿಸ್ದೆ."

ಭಾನುವಾರ ಅವನು ಕೆಲಸಕ್ಕೆ ಬರುತ್ತಿರಲಿಲ್ಲ. ಒಮ್ಮೆ ಬಂಗಾರಪೇಟೆಯ ಮನೆ ಯಜಮಾನರೊಬ್ಬರು ಗೃಹಪ್ರವೇಶ ಹತ್ತಿರ ಬಂತೆಂದು ಹಟ ಹಿಡಿದರು. "ನಿಮ್ಮ ದೇವರು ಒಂದು ಭಾನುವಾರ ಕಾಯಲ್ವೇನಯ್ಯಾ?"

"ದೇವರು ಕಾಯ್ತಾರೆ ಸಾರ್. ನಮ್ಮಪ್ಪನ ಗಡ್ಡ ಕಾಯಲ್ಲ" ಅಂದ.

ನಿಜ, ಭಾನುವಾರ ಅಪ್ಪನ ದಿನ. ಸ್ನಾನ, ಗಡ್ಡ, ಉಗುರು, ಇಸ್ತ್ರಿ ಅಂಗಿ, ಆಮೇಲೆ ಆಟೋದಲ್ಲಿ ಚರ್ಚಿಗೆ. ಅಲ್ಲಿ ಮುದುಕರು ಉಪದೇಶದ ನಡುವೆ ಒಂದು ಸಲ ಎದ್ದು ನಿಂತು, ಪಾಳಿ ಮುಗಿಯಿತಾ ಎಂದು ಗಟ್ಟಿಯಾಗಿ ತಮಿಳಿನಲ್ಲಿ ಕೇಳಿದರಂತೆ. ಪಾಸ್ಟರು ಕನ್ನಡಕ ತೆಗೆದು, "ಇನ್ನು ಸ್ವಲ್ಪ ಇದೆ ಅಯ್ಯಾ, ಕೂತ್ಕೊಳ್ಳಿ" ಅಂದರಂತೆ. ಇದನ್ನು ಅವನು ರೈಲಿನಲ್ಲಿ ಅಭಿನಯಿಸಿ ತೋರಿಸಿದಾಗ ಎದುರು ಸೀಟಿನ ಸೊಪ್ಪಿನ ಹೆಂಗಸರೂ ನಕ್ಕು ಸುಸ್ತಾದರು.

ಅವನ ಹೆಂಡತಿಗೆ ಇದೆಲ್ಲ ನಗುವ ಸಂಗತಿ ಆಗಿರಲಿಲ್ಲ. ಹಗಲೆಲ್ಲ ಮುದುಕರನ್ನು ನೋಡಿಕೊಳ್ಳುವವಳು ಅವಳು. ಮುದುಕರು ಅವಳನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ, "ಏಯ್" ಅಷ್ಟೇ. ದೋಸೆ ದಪ್ಪವಾದರೆ ತಟ್ಟೆ ತಳ್ಳುವರು. ಒಂದು ಬೆಳಿಗ್ಗೆ ನನ್ನೆದುರಿಗೇ ಅವಳು ಸಿಡಿದಳು, "ಇವರು ತಲೆ ಮೇಲೆ ಕೈ ಇಡಿಸ್ಕೊಂಡು ರೈಲು ಹತ್ತಿಬಿಡ್ತಾರೆ ಅಣ್ಣಾ. ಅದೇ ಕೈ ನನ್ನ ಮೇಲೆ ಲೋಟ ಎಸೆಯುತ್ತೆ!" ಆವತ್ತು ಸಂಜೆ ರಾಬರ್ಟ್‌ಸನ್‌ಪೇಟೆಗೆ ಹೋಗಿ ಅವನು ಅವಳಿಗೆ ಮಲ್ಲಿಗೆ ತಂದ. ಆಮೇಲಿಂದ ಬೆಳಗಿನ ದೋಸೆ ಅವನೇ ಹುಯ್ಯುತ್ತಿದ್ದನಂತೆ. ಅದೂ ದಪ್ಪವಂತೆ.

ಇನ್ನೊಂದು ಸಂಗತಿ ಹೇಳಲೇಬೇಕು. ಒಂದು ಸಂಜೆ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವನು ಜೇಬು ಮುಟ್ಟಿ ನೋಡಿಕೊಂಡ. ಬಿಲ್ಲೆ ಇಲ್ಲ. ಕೆಲಸದ ಮನೆಯಲ್ಲಿ ಅಂಗಿ ಬದಲಾಯಿಸುವಾಗ ಬಿದ್ದಿರಬೇಕು. ಮುಖ ಬಿಳಿಚಿಕೊಂಡಿತು.

"ಅದಕ್ಯಾಕ್ಲಾ ಇಷ್ಟು ಎದ್ರ್ತೀಯಾ? ಒಂದು ಕಾಯಿನ್ ಇಡು ಕೈಗೆ. ಮುದುಕಪ್ಪನಿಗೆ ಏನ್ ಗೊತ್ತಾಯ್ತದೆ? ಮರೆವು ಬಂದೈತೆ" ಅಂದೆ.

ಅವನು ನನ್ನ ಮುಖ ನೋಡಿದ. "ಮರೆವು ಬಂದಿರೋದು ಅಪ್ಪನಿಗೆ ಅಣ್ಣಾ. ನನಗಲ್ಲ."

ಹಾಗೆಂದು ರಸ್ತೆಗೆ ಹೋಗಿ ಬಂಗಾರಪೇಟೆಯ ಬಸ್ಸು ಹತ್ತಿಯೇಬಿಟ್ಟ. ನಾನು ಅವನ ಮನೆಗೆ ಹೋಗಿ ತಡವಾಗುತ್ತದೆ ಅಂತ ಹೇಳಿದೆ. ಅವನು ಸಿಮೆಂಟ್ ಚೀಲಗಳ ಸಂದಿಯಲ್ಲಿ ಹುಡುಕಿ ತಂದು ಅಪ್ಪನ ಕೈಗೆ ಇಡುವವರೆಗೆ ಮುದುಕರು ಕುರ್ಚಿ ಬಿಟ್ಟು ಏಳಲಿಲ್ಲವಂತೆ. ಎಲ್ಲಿ ಹೋಗಿದ್ದೆ ಅಂದದ್ದಕ್ಕೆ ಅವನು ನಡೆದದ್ದನ್ನು ನಡೆದ ಹಾಗೇ ಹೇಳಿದನಂತೆ. ಅದಕ್ಕೂ ಬೈಸಿಕೊಂಡನಂತೆ.

ಅವನ ಜೀವ ಹೋದದ್ದು ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಹಗಲು ಇನ್ನೂ ಇರುವಾಗಲೇ. ಮೇಲ್ಸೇತುವೆ ಹತ್ತುತ್ತಿದ್ದೆವು. ಮುಂದೆ ಇದ್ದವನು ನಿಂತ. ಎಡಗೈ ಎದೆಯ ಮೇಲಿತ್ತು. "ಅಣ್ಣಾ, ಒಂದ್ನಿಮಿಷ" ಅಂದ. ಮೆಟ್ಟಿಲ ಮೇಲೆ ಕೂತ. ನನ್ನ ಭುಜಕ್ಕೆ ಒರಗಿದ. ಯಾರೋ ನೀರು ತಂದರು, ಯಾರೋ ಆಟೋ ತಂದರು. ಆಸ್ಪತ್ರೆಯಲ್ಲಿ ಅವನನ್ನು ಮಲಗಿಸಿದಾಗಲೂ ಆ ಕೈ ಎದೆಯ ಮೇಲೇ ಇತ್ತು. ನೋವಿಗೆ ಹಿಡಿದುಕೊಂಡಿದ್ದಾನೆ ಅಂದುಕೊಂಡಿದ್ದೆ. ಡಾಕ್ಟರು ಆ ಕೈ ಸರಿಸಿದಾಗ ಕೆಳಗೆ ಜೇಬು, ಜೇಬಿನಲ್ಲಿ ಬಿಲ್ಲೆ. ಅವನು ಹಿಡಿದುಕೊಂಡದ್ದು ಯಾವುದನ್ನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನನ್ನ ಕೈಯಲ್ಲಿ ಎಷ್ಟೋ ಗೋಡೆ ಎದ್ದಿವೆ. ಅವತ್ತು ಒಬ್ಬ ಮನುಷ್ಯನನ್ನು ಹಿಡಿದು ನಿಲ್ಲಿಸುವುದಕ್ಕೆ ಆಗಲಿಲ್ಲ.

ಮದುವೆಗೆ ಹೊಲಿಸಿದ ಕೋಟು ಹಾಕಿ ಅವನನ್ನು ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಚ್ಚುವ ಮುಂಚೆ ಹೆಂಡತಿ ಬಂದು ಆ ಬಿಲ್ಲೆಯನ್ನು ಕೋಟಿನ ಜೇಬಿನಲ್ಲಿಟ್ಟಳು. ಯಾರೂ ಬೇಡ ಅನ್ನಲಿಲ್ಲ. ಜೀವ ಇರುವವರೆಗೂ ಜೇಬಿನಲ್ಲಿ ಇಟ್ಟುಕೊಂಡದ್ದು, ಜೊತೆಗೇ ಹೋಗಲಿ ಅಂತಲೇ ಎಲ್ಲರಿಗೂ ಅನ್ನಿಸಿತು. ನನಗೂ. ಮುದುಕರನ್ನು ಕುರ್ಚಿಯಲ್ಲೇ ಹೊತ್ತುಕೊಂಡು ಸಮಾಧಿಯವರೆಗೆ ಕರೆದುಕೊಂಡು ಹೋಗಿದ್ದೆವು. ಅವರೂ ಒಂದು ಹಿಡಿ ಮಣ್ಣು ಹಾಕಿದರು. ಯಾರಿಗೆ ಅಂತ ಗೊತ್ತಿತ್ತೋ ಇಲ್ಲವೋ.

ಸಂಜೆ ಮನೆಗೆ ಬಂದ ಮೇಲೆ ಮುದುಕರು ಮೊಳೆಯ ಮುಂದೆ ನಿಂತರು. ಒಂದರಲ್ಲಿ ಬಿಲ್ಲೆ ಇದೆ, ಇನ್ನೊಂದು ಬರಿದು. "ಅವನ್ ಎಂಗೇ?" ಎಂದರು. ಅವನೆಲ್ಲಿ ಅಂತ. ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿಬಿಟ್ಟಳು. ನಾವು ಮಾಡಿದ್ದೇನು ಅಂತ ಆಗ ನಮಗೆ ಹೊಳೆಯಿತು. ಮಗ ಸತ್ತದ್ದನ್ನು ಅವರು ಮರೆಯಬಲ್ಲರು. ಮೊಳೆ ಖಾಲಿ ಇರುವುದು ಕಣ್ಣೆದುರಿಗಿದೆ.

ಮುದುಕರ ದೊಡ್ಡ ಮಗ ಚೆನ್ನೈನಿಂದ ಬಂದಿದ್ದ. ಕೆಟ್ಟವನಲ್ಲ, ಅವಸರದ ಮನುಷ್ಯ. ಪ್ರಾರ್ಥನೆ ಎಲ್ಲ ಮುಗಿದ ಮೇಲೆ ಹೇಳಿದ, "ಅಪ್ಪನನ್ನು ನಾನು ಒಂದು ಹೋಮ್‌ನಲ್ಲಿ ಸೇರಿಸ್ತೀನಿ. ನೀನು ಅಮ್ಮನ ಮನೆಗೆ ಹೋಗಮ್ಮಾ. ನಿನಗಿನ್ನೂ ವಯಸ್ಸಿದೆ." ಅವಳ ತಾಯಿಯ ಮನೆ ಬಂಗಾರಪೇಟೆಯಲ್ಲೇ. ತಾಯಿಯೂ ಪೆಟ್ಟಿಗೆ ಕಟ್ಟು ಅಂದಳು.

ಅವಳು ಒಪ್ಪಲಿಲ್ಲ. "ನನಗೂ ಅದೇ ಆಜ್ಞೆ ಅಲ್ವಾ ಭಾವಾ? ಇಷ್ಟು ವರ್ಷ ಅವರು ನಡೆಸಿದ್ರು, ನಾನು ಬೈಕೊಂಡು ಓಡಾಡ್ದೆ. ಈಗ ನನ್ನ ಸರದಿ."

"ಹೊಟ್ಟೆಗೆ?"

"ಬಂಗಾರಪೇಟೆಯಲ್ಲಿ ಬಟ್ಟೆ ಹೊಲಿಯೋ ಕಾರ್ಖಾನೆ ಇದೆ, ಹೋಗ್ತೀನಿ. ಹಗಲು ಪಕ್ಕದ ಮನೆ ಅಕ್ಕ ನೋಡ್ಕೋತಾರೆ, ಕೇಳಿದ್ದೀನಿ."

ಭಾವ ಉಸಿರು ಬಿಟ್ಟ. "ಸರಿ. ನಡೆದರೆ ನಡೀಲಿ. ಮುಂದಿನ ತಿಂಗಳು ಬರ್ತೀನಿ. ಆಗಲ್ಲ ಅಂದ್ರೆ ಕರ್ಕೊಂಡು ಹೋಗ್ತೀನಿ, ಆಮೇಲೆ ನೀನು ಮಾತಾಡಬಾರದು."

ನಡೆಯಲಿಲ್ಲ. ಮೊದಲ ದಿನ ಬೆಳಿಗ್ಗೆ ಅವಳು ಡಬ್ಬಿ ಹಿಡಿದು ಹೊರಟರೆ ಮುದುಕರು ಬಾಗಿಲಿಗೆ ಅಡ್ಡ ನಿಂತರು. ಎರಡು ಕೈಯೂ ಚೌಕಟ್ಟಿನ ಮೇಲೆ. ಒಬ್ಬ ಇನ್ನೂ ಮೇಲೆ ಬಂದಿಲ್ಲ. ಅವನ ಲೆಕ್ಕ ಸಿಗದೆ ಮುಂದಿನ ಪಾಳಿ ಇಳಿಯುವ ಹಾಗಿಲ್ಲ. ಗಣಿಯ ಕಾನೂನು ಅವರ ಎಲುಬಿನಲ್ಲಿತ್ತು. ಪಕ್ಕದ ಮನೆಯ ಅಕ್ಕ ಪುಸಲಾಯಿಸಿದಳು, ನಾನೂ ಪುಸಲಾಯಿಸಿದೆ. ಕೈ ಬಿಡಿಸಲು ಹೋದರೆ ಕೆಮ್ಮು ಬಂದು ಮೈಯೆಲ್ಲ ಅಲ್ಲಾಡುತ್ತಿತ್ತು. ಕೈ ಮಾತ್ರ ಬಿಡಲಿಲ್ಲ. ರೈಲು ಹೋಯಿತು. ಮಾರನೆಯ ದಿನವೂ ಅದೇ. ಕಾರ್ಖಾನೆಯವರು ಎಷ್ಟು ದಿನ ಕಾಯುತ್ತಾರೆ?

ನಾನು ಹೇಳಿದೆ, "ನೋಡಮ್ಮಾ, ಇನ್ನೊಂದು ಬಿಲ್ಲೆ ಐತಲ್ಲ, ಅದೇ ಅಳತೆಗೆ ಪ್ಯಾಟೆಯಾಗೆ ಹಿತ್ತಾಳೆ ಕತ್ತರಿಸಿಕೊಂಡು ಬತ್ತೀನಿ. ಸ್ವಲ್ಪ ಹುಣಸೆಹಣ್ಣು ಉಜ್ಜಿ ಹಳೇದು ಮಾಡಿ ಮೊಳೆಗೆ ಹಾಕ್ಬುಡಾನ. ಮುದುಕಪ್ಪನೂ ನೆಮ್ಮದಿಯಾಗಿರ್ತಾರೆ, ನಿನ್ನ ದಾರೀನೂ ಬಿಡ್ತಾರೆ."

ಹುಣಸೆಹಣ್ಣು ಹಾಕಿದರೆ ಹಿತ್ತಾಳೆ ಹೊಸದಾಗುತ್ತದೆ, ಹಳೆಯದಲ್ಲ. ದುಃಖದಲ್ಲಿ ಅದೂ ನನಗೆ ತೋಚಲಿಲ್ಲ. ಅವಳಿಗೆ ಒಂದು ಕ್ಷಣ ನಗು ಬಂತು. ಅದರ ಹಿಂದೆಯೇ ಅಳು.

"ಬೇಡ ಅಣ್ಣಾ. ಅವರು ಅಪ್ಪನಿಗೆ ಒಂದು ದಿನ ಸುಳ್ಳು ಹೇಳಿದ್ದು ನೋಡಿದ್ದೀರಾ?"

"ನಿಜ ಹೇಳಿ ದಿನಾ ಸಾಯಿಸ್ತೀಯೇನಮ್ಮಾ ಆ ಜೀವಾನ?"

ಅವಳು ಮಾಡುತ್ತಿದ್ದದ್ದು ಅದನ್ನೇ. ಮುದುಕರು ಅವನೆಲ್ಲಿ ಅಂದಾಗಲೆಲ್ಲ, ಅವರು ತೀರಿಕೊಂಡರು ಮಾಮಾ ಅನ್ನುವಳು. ಮುದುಕರಿಗೆ ಅದು ಪ್ರತಿ ಸಲವೂ ಹೊಸ ಸುದ್ದಿ. ಪ್ರತಿ ಸಲವೂ ಅಳು. ಅವಳೂ ಪಕ್ಕದಲ್ಲಿ ಕೂತು ಅಳುವಳು. ಆಮೇಲೆ ಅವರಿಗೆ ಮರೆತುಹೋಗುವುದು, ಇವಳಿಗೆ ಇಲ್ಲ. ಅದನ್ನು ಬಾಗಿಲಲ್ಲಿ ನಿಂತು ನೋಡಲಾರದೆ ನಾನು ಎಷ್ಟೋ ಸಲ ಗಾಡಿಯ ಹತ್ತಿರ ಹೋಗಿ ನಿಂತಿದ್ದೇನೆ.

ಭಾವ ಬರುವ ವಾರ ಬಂತು. ಆವತ್ತು ಬೆಳಿಗ್ಗೆ ಅವಳು ಡಬ್ಬಿ ಕಟ್ಟಿಕೊಂಡು ಬಂದಳು. ಮುದುಕರು ಎಂದಿನಂತೆ ಚೌಕಟ್ಟು ಹಿಡಿದು ನಿಂತಿದ್ದರು. ನಾನು ಹೊರಗಿದ್ದೆ, ಅವರ ಬೆನ್ನು ನನ್ನ ಕಡೆಗಿತ್ತು. ಅವಳು ಡಬ್ಬಿ ಕೆಳಗಿಟ್ಟು, ಅವನು ದಿನಾ ಮಂಡಿಯೂರುತ್ತಿದ್ದ ಜಾಗದಲ್ಲಿ ಮಂಡಿಯೂರಿದಳು.

"ಮಾಮಾ, ಕೇಳಿ. ಅವರು ಸತ್ತುಹೋದ್ರು. ಬಂಗಾರಪೇಟೆ ಸ್ಟೇಷನ್‌ನಲ್ಲಿ. ಬಿಲ್ಲೆ ನಾನೇ ಅವರ ಜೇಬಿಗೆ ಇಟ್ಟೆ, ಗೊತ್ತಾಗಲಿಲ್ಲ ನನಗೆ. ಅದು ಇನ್ನು ಬರಲ್ಲ. ಅವರೂ ಬರಲ್ಲ. ನೀವೂ ಮಣ್ಣು ಹಾಕಿದ್ರಿ. ಈಗ ನಾನು ಕೆಲಸಕ್ಕೆ ಹೋಗ್ಬೇಕು ಮಾಮಾ. ಹೋಗದಿದ್ರೆ ನಿಮ್ಮನ್ನ ಕರ್ಕೊಂಡು ಹೋಗ್ಬಿಡ್ತಾರೆ." ಅಷ್ಟು ಹೇಳಿ ತಲೆ ಬಾಗಿಸಿದಳು.

ಮುದುಕರ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದರು. ಬಹಳ ಹೊತ್ತಾಯಿತು. ದೂರದಲ್ಲಿ ರೈಲು ಕೂಗಿದ್ದು ಕೇಳಿತು.

ಒಂದು ಕೈ ಚೌಕಟ್ಟಿನಿಂದ ಇಳಿಯಿತು. ಆಮೇಲೆ ಇನ್ನೊಂದು. ಮುದುಕರು ಗೋಡೆಯ ಕಡೆ ತಿರುಗಿ, ಬರಿದಾದ ಮೊಳೆಯನ್ನು ಬೆರಳಿನಿಂದ ಮುಟ್ಟಿದರು. ಆಮೇಲೆ ಪಕ್ಕದ ಮೊಳೆಯಿಂದ ತಮ್ಮದೇ ಬಿಲ್ಲೆ ತೆಗೆದರು. ಗಣಿ ಮುಚ್ಚಿದ ಮೇಲೆ ಅದು ಆ ಮೊಳೆ ಬಿಟ್ಟು ಇಳಿದದ್ದನ್ನು ಯಾರೂ ನೋಡಿರಲಿಲ್ಲ. ಅದನ್ನು ಸೊಸೆಯ ಕೈಯಲ್ಲಿಟ್ಟು ಬೆರಳು ಮಡಿಸಿದರು. ಲೋಟ ಎಸೆದ ಕೈಯನ್ನು ಅವಳ ತಲೆಯ ಮೇಲಿಟ್ಟು, ತುಟಿಯಲ್ಲೇ ಏನೋ ಪ್ರಾರ್ಥಿಸಿದರು.

"ಸೀಕ್ಕಿರಂ ವಾಮ್ಮಾ" ಅಂದರು.

ಅಮ್ಮಾ ಅಂತ ಅವರು ಅವಳನ್ನು ಕರೆದದ್ದು ಅದೇ ಮೊದಲು. ರೈಲು ತಪ್ಪಿತ್ತು, ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಅವಳು ಮುಷ್ಟಿ ಬಿಚ್ಚಲಿಲ್ಲ.

ಭಾವ ಬಂದು ನೋಡಿದ, ಒಂದು ರಾತ್ರಿ ಇದ್ದ, ಒಬ್ಬನೇ ವಾಪಸ್ ಹೋದ.

ಎಲ್ಲ ಸರಿಹೋಯಿತು ಅಂತ ಬರೆದರೆ ಅವನ ಮುಂದೆಯೇ ಸುಳ್ಳು ಹೇಳಿದ ಹಾಗೆ. ಮುದುಕರು ಈಗಲೂ ಕೆಲವು ಬೆಳಿಗ್ಗೆ ಬಾಗಿಲು ಹಿಡಿಯುತ್ತಾರೆ. ಅವಳು ಮತ್ತೆ ಮೊದಲಿಂದ ಹೇಳುತ್ತಾಳೆ. ಇಬ್ಬರೂ ಅಳುತ್ತಾರೆ, ರೈಲು ತಪ್ಪುತ್ತದೆ. ಊಟದ ಹೊತ್ತಿನಲ್ಲಿ ಪ್ರಾರ್ಥನೆ ಮಾಡುವವರು ಯಾರೂ ಇಲ್ಲ, ಆದರೂ ನನ್ನ ಕೈ ಸ್ವಲ್ಪ ಹೊತ್ತು ಮುದ್ದೆಯ ಮೇಲೆ ಸುಮ್ಮನೆ ನಿಲ್ಲುತ್ತದೆ. ಆ ಬರಿದಾದ ಮೊಳೆಯನ್ನು ಯಾರೂ ಕಿತ್ತಿಲ್ಲ. ಅದಕ್ಕೆ ಕ್ಯಾಲೆಂಡರ್ ಕೂಡ ನೇತುಹಾಕಿಲ್ಲ.

ಸಂಜೆ ಅವಳನ್ನು ಮನೆಯವರೆಗೆ ಬಿಟ್ಟು ನಾನು ಗಾಡಿಯ ಪಕ್ಕ ನಿಲ್ಲುತ್ತೇನೆ. ಊರಿಗೆ ದೂರ ಇದೆ, ಹೊತ್ತಾಗಿರುತ್ತದೆ. ಒಳಗೆ ಕುರ್ಚಿ ಕಿರುಗುಟ್ಟುತ್ತದೆ, ಮುದುಕರು ಏಳುತ್ತಾರೆ, ಗೋಡೆಯ ಮೇಲೆ ಕೈ ತಡಕಾಡುತ್ತದೆ. ಠಣ್ ಅನ್ನುವವರೆಗೆ ನಾನು ಕಿಕ್ಕರಿನ ಮೇಲೆ ಕಾಲಿಡುವುದಿಲ್ಲ.